ಸಂಸಾರದ ವ್ಯವಹಾರಗಳೂ ಬರಹದ ಪ್ರಮಾಣವೂ

(ಶ್ರೀಮಠದ ಸುವರ್ಣ ಮಹೋತ್ಸವದ ಮೂರನೆಯ ದಿನದ ಸಭೆಯಲ್ಲಿ ಮಾಡಿದ ಭಾಷಣ)



ಈ ಸಭೆಯಲ್ಲಿ ವಕೀಲರು ಕೆಲವರು ಕುಳಿತಿರುವರು. ಅವರ ಎದುರಿನಲ್ಲಿ ಪಾಠಶಾಲೆಯ ಪಂಡಿತನೊಬ್ಬನು ಕಾಯಿದೆಯ ಮಾತನ್ನಾಡುವುದು ಅಕ್ಕಸಾಲಿಗನಿಗೆ ಚಿನ್ನದ ಬಣ್ಣವನ್ನು ವರ್ಣಿಸಿದಂತೆ ಆಗಬಹುದು. ಆದರೂ ಸನ್ನಿಧಿಯವರ ಅಪ್ಪಣೆಯಾಗಿರುವುದು. ಅದಕ್ಕೆ ಕಾರಣವೂ ಉಂಟು. ಈ ಮಠದ ಪಡಸಾಲೆಯಲ್ಲಿ ಮೂವತ್ತು ವರ್ಷಗಳಿಂದ ನಾನು ಪಾಠ ಹೇಳುತ್ತಿರುವಾಗ, ಪಾಠ ಕೇಳುವ ವಟುಗಳಿಗಿಂತ ಹೆಚ್ಚಾಗಿ ಕಾಗದ ಹಿಡಿದುಕೊಂಡು ಬಂದ ಗೃಹಸ್ಥರನ್ನು ಕಂಡಿದ್ದೇನೆ. ಒಬ್ಬರ ಕೈಯಲ್ಲಿ ಕೋರ್ಟಿನ ಸಮನ್ಸು, ಮತ್ತೊಬ್ಬರ ಕೈಯಲ್ಲಿ ಬ್ಯಾಂಕಿನ ನೋಟೀಸು, ಮಗದೊಬ್ಬರ ಕೈಯಲ್ಲಿ ಅಜ್ಜನ ಕಾಲದ, ಮಡಿಕೆಗಳಲ್ಲಿ ಹರಿದುಹೋದ ಪಾಲುಪತ್ರ. "ಇದರಲ್ಲಿ ಏನು ಬರೆದದ ಓದ್ರಿ" ಎಂದು ಅವರು ಕೇಳುವರು, ನಾನು ಓದುವೆನು. ಕೆಲವೊಮ್ಮೆ "ನಮಗೂ ಒಂದು ಬರೆದುಕೊಡ್ರಿ" ಎನ್ನುವರು. ಹಾಗೆ ನಾನು ಬರೆದುಕೊಟ್ಟ ಕಾಗದವೊಂದರಿಂದ ಒಂದು ಮನೆತನಕ್ಕೆ ಕೇಡಾಯಿತು. ಆ ಸಂಗತಿಯನ್ನು ಮುಚ್ಚದೆ ಹೇಳಬೇಕೆಂದೇ ಈ ವಿಷಯವನ್ನು ಆರಿಸಿಕೊಂಡಿದ್ದೇನೆ. ಅದಕ್ಕೆ ಮುಂಚೆ ಸ್ವಲ್ಪ ಪೀಠಿಕೆಯು ಅವಶ್ಯವಾಗಿರುವುದು.

ಯಾಜ್ಞವಲ್ಕ್ಯಸ್ಮೃತಿಯಲ್ಲಿ ಆಚಾರ, ವ್ಯವಹಾರ, ಪ್ರಾಯಶ್ಚಿತ್ತ ಎಂದು ಮೂರು ಅಧ್ಯಾಯಗಳಿವೆ. ಆ ಸ್ಮೃತಿಗೆ ಮಿತಾಕ್ಷರಾ ಎಂಬ ವ್ಯಾಖ್ಯಾನವನ್ನು ಬರೆದ ವಿಜ್ಞಾನೇಶ್ವರನು ನಮ್ಮ ನಾಡಿನವನು. ಚಾಲುಕ್ಯ ಚಕ್ರವರ್ತಿಯಾದ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ, ಇಂದಿನ ಬೀದರ ಜಿಲ್ಲೆಯ ಬಸವಕಲ್ಯಾಣವಾದ ಆ ಕಲ್ಯಾಣ ಪಟ್ಟಣದಲ್ಲಿ ಇದ್ದವನು. ವಂಗದೇಶದ ಕಡೆಗೆ ಜೀಮೂತವಾಹನನ ದಾಯಭಾಗವು ನಡೆದರೆ, ಭರತಖಂಡದ ಮಿಕ್ಕ ಬಹುಭಾಗದಲ್ಲಿ ಹಿಂದೂ ಕುಟುಂಬಗಳ ಆಸ್ತಿಯು ಈ ಕನ್ನಡ ನೆಲದ ಪಂಡಿತನ ಗ್ರಂಥದಂತೆ ಹಂಚಲ್ಪಟ್ಟಿತು. ಕೋಲ್‌ಬ್ರೂಕ್ ಎಂಬ ಆಂಗ್ಲ ವಿದ್ವಾಂಸನು 1810ರಲ್ಲಿ ಅದರ ದಾಯವಿಭಾಗದ ಪ್ರಕರಣವನ್ನು ತನ್ನ ಭಾಷೆಗೆ ತಿರುಗಿಸಿದ ಬಳಿಕ ನ್ಯಾಯಾಧೀಶರ ಮೇಜುಗಳ ಮೇಲೂ ಅದು ಕುಳಿತಿತು.

ನಾನು ನಿಮ್ಮ ಗಮನವನ್ನು ಸೆಳೆಯಬೇಕೆಂದಿರುವುದು ದಾಯವಿಭಾಗಕ್ಕಿಂತ ಮೊದಲು ಲೇಖ್ಯ ಪ್ರಕರಣದ ಕಡೆಗೆ. ವಿವಾದದಲ್ಲಿ ಮನುಷ್ಯ ಪ್ರಮಾಣಗಳು ಮೂರು ಎಂದು ಸ್ಮೃತಿಯು ಹೇಳುತ್ತದೆ: ಬರಹ, ಅನುಭೋಗ, ಸಾಕ್ಷಿ. ಸಾಲದ ಪತ್ರವು ಹೇಗಿರಬೇಕೆಂಬುದನ್ನು ಅದು ವಿವರಿಸುವ ರೀತಿಯನ್ನು ನೋಡಿದರೆ ಆಶ್ಚರ್ಯವಾಗುವುದು. ವರ್ಷ, ಮಾಸ, ಪಕ್ಷ, ದಿನಗಳು ಬರೆದಿರಬೇಕು. ಸಾಲ ಕೊಟ್ಟವನ ಹೆಸರು ಮೊದಲು ಬರಬೇಕು. ತಂದೆಯ ಹೆಸರುಗಳೂ ಇರಬೇಕು. ಬರಹವು ಮುಗಿದ ಮೇಲೆ ಸಾಲಗಾರನು ತನ್ನ ಸ್ವಹಸ್ತದಿಂದ, ಇಂಥವನ ಮಗನಾದ ನನಗೆ ಮೇಲೆ ಬರೆದುದು ಒಪ್ಪಿಗೆ ಎಂದು ಬರೆಯಬೇಕು. ಸಾಕ್ಷಿಗಳೂ ತಂದೆಯ ಹೆಸರು ಸಹಿತ ತಾವೇ ಬರೆಯಬೇಕು. ಕಡೆಯಲ್ಲಿ ಲೇಖಕನು, ಉಭಯರೂ ಕೇಳಿಕೊಂಡ ಮೇರೆಗೆ ಬರೆದವನು ನಾನು ಎಂದು ಹೆಸರು ಹಾಕಬೇಕು. ಸಾಲವನ್ನು ಸ್ವಲ್ಪ ಸ್ವಲ್ಪವಾಗಿ ತೀರಿಸಿದಾಗಲೆಲ್ಲ ಸಾಲಗಾರನು ಆ ಪತ್ರದ ಬೆನ್ನಿನ ಮೇಲೆ ಅದನ್ನು ಬರೆಯಬೇಕು. ಅಥವಾ ಕೊಟ್ಟವನು ತನ್ನ ಕೈಯಿಂದ ಪಾವತಿಯನ್ನು ಬರೆದುಕೊಡಬೇಕು. ಸಾಲ ಪೂರ್ತಿ ತೀರಿದ ದಿವಸ ಪತ್ರವನ್ನು ಹರಿದುಹಾಕಬೇಕು.

ಈ ಕಟ್ಟಳೆಯನ್ನು ಇಂದಿನ ಕಾಯಿದೆಯೊಡನೆ ಹೋಲಿಸಿ ನೋಡಿರಿ. 1963ನೆಯ ಇಸವಿಯ ಕಾಲಮಿತಿ ಕಾಯಿದೆಯ ಪ್ರಕಾರ, ಕೈಬರಹದ ಪ್ರಾಮಿಸರಿ ನೋಟಿನ ಮೇಲೆ ಕೊಟ್ಟ ಸಾಲಕ್ಕೆ ದಾವೆ ಹೂಡಲು ಮೂರು ವರ್ಷಗಳ ಮುದ್ದತು. ಕೇಳಿದಾಗ ಕೊಡುವೆನೆಂದು ಬರೆದ ನೋಟಿಗೆ ಆ ಮೂರು ವರ್ಷಗಳು ಬರೆದ ತಾರೀಖಿನಿಂದಲೇ ಎಣಿಕೆಯಾಗುವುವು. "ನಾನು ಕೇಳಿದ್ದೇ ನಿನ್ನೆ" ಎಂಬ ವಾದವು ಅಲ್ಲಿ ಸಲ್ಲದು. ಆ ಮುದ್ದತಿನೊಳಗೆ ಸಾಲಗಾರನು ಬಡ್ಡಿಯನ್ನಾಗಲಿ ಅಸಲಿನ ಅಂಶವನ್ನಾಗಲಿ ಕೊಟ್ಟು, ಅದನ್ನು ತನ್ನ ಕೈಬರಹದಲ್ಲಿ ಅಥವಾ ತನ್ನ ಸಹಿಯೊಡನೆ ನಮೂದಿಸಿದ್ದರೆ ಮಾತ್ರ ಅಂದಿನಿಂದ ಹೊಸದಾಗಿ ಮೂರು ವರ್ಷಗಳು ಸಿಕ್ಕುವುವು. ಅಂದರೆ ನೋಟಿನ ಬೆನ್ನ ಮೇಲಿನ ಬರಹವೇ ಅದು! ಸ್ಮೃತಿಕಾರನು ಹೇಳಿದ್ದನ್ನೇ ಪಾರ್ಲಿಮೆಂಟು ಹೇಳಿರುವುದು. ಹೀಗಿದ್ದರೂ ನಮ್ಮ ಅಂಗಡಿಕಾರರು ಮಾಡುವುದೇನು? ಬಂದ ಹಣವನ್ನು ತಮ್ಮ ಕಿರ್ದಿಯಲ್ಲಿ ತಾವೇ ಜಮಾ ಬರೆದುಕೊಂಡು ನಿಶ್ಚಿಂತರಾಗುವರು. ಕ್ರಮವಾಗಿ ಇಟ್ಟ ಲೆಕ್ಕದ ಪುಸ್ತಕವು ಸಾಕ್ಷ್ಯಕ್ಕೆ ಬರುವುದು ನಿಜ. ಆದರೆ ಅದೊಂದರಿಂದಲೇ ಮತ್ತೊಬ್ಬನ ತಲೆಯ ಮೇಲೆ ಸಾಲವನ್ನು ಹೊರಿಸಲು ಬಾರದೆಂದು ಹಳೆಯ ಸಾಕ್ಷ್ಯ ಕಾಯಿದೆಯೂ ಹೇಳಿತ್ತು. 2024ನೆಯ ಜುಲೈ 1ರಿಂದ ಜಾರಿಗೆ ಬಂದಿರುವ ಭಾರತೀಯ ಸಾಕ್ಷ್ಯ ಅಧಿನಿಯಮವೂ ಅದನ್ನೇ ಹೇಳುತ್ತದೆ. ಸಾಲಗಾರನ ಅಕ್ಷರವು ಎಲ್ಲಿಯೂ ಇಲ್ಲದಿದ್ದ ಮೇಲೆ ನಿಮ್ಮ ಕಿರ್ದಿ ನಿಮಗೇ ಸಾಕ್ಷಿ ಹೇಳಿದಂತಾಗುವುದು.

ಬಡ್ಡಿಯ ವಿಷಯವಾಗಿ ಒಂದು ಅಧಿಕ ಪ್ರಸಂಗವನ್ನು ಕ್ಷಮಿಸಬೇಕು. ಅಡವಿಟ್ಟ ಸಾಲಕ್ಕೆ ತಿಂಗಳಿಗೆ ಎಂಬತ್ತನೆಯ ಒಂದು ಪಾಲು, ಅರ್ಥಾತ್ ನೂರಕ್ಕೆ ಒಂದೂಕಾಲು, ಎಂದು ಸ್ಮೃತಿಯಲ್ಲಿದೆ. ನಗದು ಸಾಲದ ಬಡ್ಡಿಯು ಅಸಲಿನಷ್ಟಕ್ಕೆ ಬಂದು ನಿಲ್ಲಬೇಕೆಂಬ ನಿಯಮವೂ ಉಂಟು. ಇದನ್ನೇ ದಾಮದುಪ್ಪಟ್ಟು ಎಂದು ಕರೆದು ಮುಂಬಯಿ ಇಲಾಖೆಯ ಕೋರ್ಟುಗಳು ನಡೆಯಿಸಿಕೊಂಡು ಬಂದವು. ಧಾರವಾಡ, ಬೆಳಗಾವಿ, ಬಿಜಾಪುರಗಳ ಹಿರಿಯರಿಗೆ ಆ ಶಬ್ದವು ಪರಿಚಿತವಾದುದೇ. ಕರ್ನಾಟಕದಲ್ಲಿ ಲೇವಾದೇವಿಗಾರರು ಪರವಾನಿಗೆ ಪಡೆಯಬೇಕೆಂದು 1961ರ ಕಾಯಿದೆಯೂ, ವಿಪರೀತ ಬಡ್ಡಿಯನ್ನು ನಿಷೇಧಿಸುವ 2004ರ ಕಾಯಿದೆಯೂ ಇರುವುವು. ಸಂತೆಯ ದಿನ ಬೆಳಿಗ್ಗೆ ಕೊಟ್ಟು ಸಂಜೆಗೆ ನೂರಕ್ಕೆ ಹತ್ತು ಕೀಳುವವರು ಇವೆರಡನ್ನೂ ಓದಿದವರಲ್ಲ.

ಇನ್ನು ಖಾಲಿ ಚೆಕ್ಕು. ಸಾಲ ತೆಗೆದುಕೊಳ್ಳುವಾಗ ಬರಿಯ ಸಹಿ ಮಾಡಿದ ಚೆಕ್ಕುಗಳನ್ನು ಕೊಟ್ಟುಬರುವ ರೂಢಿಯು ಊರೂರಿಗೆ ಹಬ್ಬಿದೆ. "ಮೊತ್ತ ಬರೆದಿಲ್ಲ, ಅದರಿಂದ ಏನಾದೀತು" ಎಂದು ತಿಳಿಯುವರು. ತನ್ನ ಇಚ್ಛೆಯಿಂದ ಸಹಿ ಮಾಡಿ ಕೊಟ್ಟ ಖಾಲಿ ಚೆಕ್ಕೂ ಸಾಲಕ್ಕಾಗಿಯೇ ಕೊಟ್ಟದ್ದೆಂದು ಮೊದಲಿಗೆ ಭಾವಿಸತಕ್ಕದ್ದೆಂದು ಸುಪ್ರೀಂ ಕೋರ್ಟು 2019ರಲ್ಲಿ ಸ್ಪಷ್ಟಪಡಿಸಿರುವುದು. ಹಾಗಲ್ಲವೆಂದು ತೋರಿಸುವ ಭಾರವು ಸಹಿ ಮಾಡಿದವನ ಮೇಲೆ ಬೀಳುವುದು. ಹಣವಿಲ್ಲದೆ ಚೆಕ್ಕು ಹಿಂದಿರುಗಿದರೆ ಎರಡು ವರ್ಷಗಳವರೆಗೆ ಸೆರೆವಾಸ, ಚೆಕ್ಕಿನ ಮೊತ್ತದ ಎರಡರಷ್ಟರವರೆಗೆ ದಂಡ. ಪಡೆಯಬೇಕಾದವನಿಗೂ ಇಲ್ಲಿ ಎಚ್ಚರಿಕೆ ಬೇಕು: ಬ್ಯಾಂಕಿನಿಂದ ವರದಿಯು ಬಂದ 30 ದಿನಗಳೊಳಗೆ ಬರಹದ ನೋಟೀಸು ಕೊಡಬೇಕು, ಅದು ತಲುಪಿದ ಮೇಲೆ ಹಣ ಕೊಡಲು 15 ದಿನಗಳ ಅವಕಾಶ, ಅದು ಮುಗಿದ ಒಂದು ತಿಂಗಳೊಳಗೆ ಮ್ಯಾಜಿಸ್ಟ್ರೇಟರಲ್ಲಿ ಫಿರ್ಯಾದು. "ಜಾತ್ರೆ ಮುಗಿಯಲಿ, ನೋಡೋಣ" ಎಂದವರು ಮುದ್ದತನ್ನು ಕಳೆದುಕೊಂಡು, ಆಮೇಲೆ ವಿಳಂಬಕ್ಕೆ ಕಾರಣವನ್ನು ಹುಡುಕುತ್ತ ಅಲೆದುದನ್ನು ಕಂಡಿದ್ದೇನೆ.

ಜಾಮೀನಿನ ಮಾತೂ ಇದಕ್ಕೆ ಅಂಟಿಕೊಂಡೇ ಬರುವುದು. ಹಾಜರುಪಡಿಸುವ ಜಾಮೀನು, ನಂಬಿಗಸ್ತನೆಂದು ಹೇಳುವ ಜಾಮೀನು, ಹಣ ತೆರುವ ಜಾಮೀನು ಎಂದು ಸ್ಮೃತಿಯಲ್ಲಿ ಮೂರು ಬಗೆಗಳಿವೆ. ಸೊಸೈಟಿಯ ಸಾಲಕ್ಕೆ ನೆರೆಯವನ ಸಲುವಾಗಿ ಸಹಿ ಮಾಡುವ ನಮ್ಮ ರೈತನು ತಾನು ಎರಡನೆಯ ಬಗೆಯವನೆಂದು ತಿಳಿದಿರುತ್ತಾನೆ. ಕಾಗದದಲ್ಲಿ ಅವನು ಮೂರನೆಯವನು. 1872ರ ಕರಾರು ಕಾಯಿದೆಯಂತೆ, ಬೇರೆ ಕರಾರಿಲ್ಲದ ಪಕ್ಷದಲ್ಲಿ, ಜಾಮೀನುದಾರನ ಹೊಣೆಯು ಸಾಲಗಾರನ ಹೊಣೆಯಷ್ಟೇ ಆಗಿರುವುದು. ಮೊದಲು ಸಾಲಗಾರನ ಮನೆಗೆ ಹೋಗಿರಿ, ಆಮೇಲೆ ನನ್ನ ಬಳಿಗೆ ಬನ್ನಿರಿ ಎಂದು ಹೇಳುವ ಹಕ್ಕು ಅವನಿಗಿಲ್ಲ.

ಇನ್ನು ನನ್ನ ತಪ್ಪಿನ ಸಂಗತಿ.

2007ನೆಯ ಇಸವಿಯ ಬೇಸಗೆಯಲ್ಲಿ ಮಠದ ಭಕ್ತರಾದ ಇಬ್ಬರು ಅಣ್ಣತಮ್ಮಂದಿರು ಐವರು ಪಂಚರನ್ನು ಕರೆದುಕೊಂಡು ಬಂದರು. ತಂದೆಯು ಮೂರು ವರ್ಷಗಳ ಕೆಳಗೆ ಲಿಂಗೈಕ್ಯನಾಗಿದ್ದನು. ತಾಯಿಯು ಅದಕ್ಕೂ ಮುಂಚೆ. ಪಿತ್ರಾರ್ಜಿತವಾದ ಹನ್ನೆರಡು ಎಕರೆ ಹೊಲ, ಒಂದು ಮನೆ, ಒಂದು ಹಿತ್ತಲು. ಇಬ್ಬರಲ್ಲಿಯೂ ಆಗ ಮನಸ್ತಾಪವೆಂಬುದಿರಲಿಲ್ಲ. ಪಂಚರು ಹೇಳಿದಂತೆ ನಾನು ಬಿಳಿಯ ಹಾಳೆಯ ಮೇಲೆ ಮುತ್ತಿನಂತಹ ಅಕ್ಷರಗಳಲ್ಲಿ ವಾಟಣಿ ಪತ್ರವನ್ನು ಬರೆದೆನು. ಚಕ್ಕುಬಂದಿಯನ್ನು ತಪ್ಪಿಲ್ಲದೆ ನಮೂದಿಸಿದೆನು. ಎಲ್ಲರೂ ಸಹಿ ಮಾಡಿದರು. ನಾನೂ ಲೇಖಕನೆಂದು ಹೆಸರು ಹಾಕಿದೆನು. ಯಾಜ್ಞವಲ್ಕ್ಯನು ಕಂಡಿದ್ದರೆ ಮೆಚ್ಚುತ್ತಿದ್ದನೆಂದು ಒಳಗೊಳಗೇ ಹೆಮ್ಮೆಪಟ್ಟೆನು. ಬರೆಯುವಾಗ, "ಅಕ್ಕನನ್ನು ಕರೆಸಲಿಲ್ಲವೇ" ಎಂದು ಒಂದು ಮಾತು ಕೇಳಿದ್ದೆ. ಅಣ್ಣನು, "ಆಕೀಗೆ ಮದುವೀ ಮಾಡಿ ಕೊಟ್ಟೇವ್ರಿ, ಹಬ್ಬಕ್ಕ ಸೀರಿ ಕುಬಸ ಉಡಸ್ತೇವು" ಎಂದನು. ನಾನು ಸುಮ್ಮನಾದೆನು.

ಆ ಹಾಳೆಯಲ್ಲಿ ನನ್ನ ವಾಕ್ಯವು ಹೀಗಿತ್ತು: ಈ ದಿವಸ ಈ ಪತ್ರದ ಮೂಲಕ ನಾವು ಆಸ್ತಿಯನ್ನು ಹಂಚಿಕೊಂಡು, ಇಂದಿನಿಂದ ತಮ್ಮ ತಮ್ಮ ಪಾಲಿಗೆ ತಾವೇ ಮಾಲಕರಾಗಿರುತ್ತೇವೆ.

ಹತ್ತು ವರ್ಷಗಳ ಮೇಲೆ ತಮ್ಮನು ಅಕಸ್ಮಾತ್ತಾಗಿ ತೀರಿಕೊಂಡನು. ಅವನ ವಿಧವೆಯೂ ಇಬ್ಬರು ಮಕ್ಕಳೂ ಉಳಿದರು. ಕಾಲುವೆಯ ನೀರು ಬಂದು ತಮ್ಮನ ಪಾಲಿನ ಹೊಲಕ್ಕೆ ಬೆಲೆ ಏರಿತ್ತು. ಪಹಣಿಯಲ್ಲಿ ಮಾತ್ರ ಹನ್ನೆರಡು ಎಕರೆಯೂ ಹಿರಿಯನ ಹೆಸರಿನಲ್ಲಿಯೇ ನಿಂತಿತ್ತು. ಯಾರೂ ವಾರಸಾ ಮಾಡಿಸಿರಲಿಲ್ಲ, ಪಾಲಿನಂತೆ ಖಾತೆಯನ್ನೂ ಒಡೆಯಿಸಿರಲಿಲ್ಲ. ಅಣ್ಣನು ಪಾಲೇ ಆಗಿಲ್ಲವೆಂದನು. 2018ರಲ್ಲಿ ದಾವೆಯಾಯಿತು. ಆ ಹೆಣ್ಣುಮಗಳು ನನ್ನ ಹಾಳೆಯನ್ನು ಪೆಟ್ಟಿಗೆಯಿಂದ ತೆಗೆದು ಕೋರ್ಟಿಗೆ ಒಯ್ದಳು. ನನಗೂ ಸಾಕ್ಷಿಯ ಸಮನ್ಸು ಬಂದಿತು.

ಆ ದಿವಸ ಎದುರು ಪಕ್ಷದ ವಕೀಲರು ಆ ಒಂದು ವಾಕ್ಯವನ್ನು ಮೆಲ್ಲಗೆ ಎರಡು ಸಾರಿ ಓದಿದರು. ಮೂವತ್ತು ವರ್ಷ ವ್ಯಾಕರಣ ಹೇಳಿದವನಿಗೆ ಅಷ್ಟೇ ಸಾಕಾಯಿತು. 1908ರ ರಿಜಿಸ್ಟ್ರೇಶನ್ ಕಾಯಿದೆಯು ಹೇಳುವುದೇನೆಂದರೆ, ನೂರು ರೂಪಾಯಿ ಮತ್ತು ಅದಕ್ಕೆ ಮೇಲ್ಪಟ್ಟ ಸ್ಥಿರ ಸ್ವತ್ತಿನಲ್ಲಿ ಹಕ್ಕನ್ನು ಹುಟ್ಟಿಸುವ ಅಥವಾ ಕಳೆಯುವ ಪತ್ರವು ನೋಂದಣಿಯಾಗತಕ್ಕದ್ದು. ಆಗದಿದ್ದರೆ ಆ ವ್ಯವಹಾರಕ್ಕೆ ಅದು ಪುರಾವೆಯಾಗದು. ಯಾವ ಪತ್ರವು ತಾನೇ ಪಾಲನ್ನು ಉಂಟುಮಾಡುವುದೋ ಅದು ರಿಜಿಸ್ಟರಾಗಲೇಬೇಕು. ಮೊದಲೇ ಬಾಯಿಮಾತಿನಿಂದ ಆಗಿಹೋದ ಪಾಲನ್ನು ನೆನಪಿಗಾಗಿ ಬರೆದಿಟ್ಟ ಜ್ಞಾಪನಪತ್ರಕ್ಕೆ ಆ ನಿರ್ಬಂಧವಿಲ್ಲ; 1976ರಲ್ಲಿ ಸುಪ್ರೀಂ ಕೋರ್ಟು ಕಾಲೆ ಎಂಬವರ ಪ್ರಕರಣದಲ್ಲಿ ಕುಟುಂಬದ ಒಡಂಬಡಿಕೆಗಳ ಬಗ್ಗೆ ಇದನ್ನೇ ಹೇಳಿದೆ. ಭೂತಕಾಲಕ್ಕೆ ಒಂದು ನಿಯಮ, ವರ್ತಮಾನಕ್ಕೆ ಮತ್ತೊಂದು. ನನ್ನ ವಾಕ್ಯದಲ್ಲಿ "ಈ ಪತ್ರದ ಮೂಲಕ", "ಇಂದಿನಿಂದ" ಎಂಬ ಪದಗಳು ಎದ್ದು ಕುಳಿತಿದ್ದವು. ಮೇಲಾಗಿ ಮುದ್ರಾಂಕವೂ ಇಲ್ಲದ ಹಾಳೆ. ಪಾಲಿಗೆ ಪುರಾವೆಯೆಂದು ಅದನ್ನು ಸ್ವೀಕರಿಸಲಾಗದೆಂದು ಆಜ್ಞೆಯಾಯಿತು. ಇದನ್ನು ಕೇಳಿ ಕೆಲವರು, ಹಾಗಾದರೆ ಎಲ್ಲ ಹಾಳೆಗಳಲ್ಲಿಯೂ ಭೂತಕಾಲವನ್ನೇ ಬರೆದರಾಯಿತಲ್ಲವೇ ಎಂದು ನಗಬಹುದು. ಆಗದ ಪಾಲನ್ನು ಆಯಿತೆಂದು ಬರೆಯುವುದು ಸುಳ್ಳು; ನಿಜವಾಗಿ ಆಗಿತ್ತೆಂಬುದಕ್ಕೆ ಕಂದಾಯದ ದಾಖಲೆ ಮುಂತಾದ ಬೇರೆ ಸಾಕ್ಷ್ಯವನ್ನೂ ಕೋರ್ಟು ಕೇಳುವುದು. ಪತ್ರಕ್ಕೆ ಸಹಿಯಾದ ನಾಲ್ಕು ತಿಂಗಳೊಳಗೆ ಸಬ್‌ರಿಜಿಸ್ಟ್ರಾರರ ಮುಂದೆ ಹಾಜರುಪಡಿಸಿದ್ದರೆ ಈ ಯಾವ ತರ್ಕಕ್ಕೂ ಎಡೆಯಿರುತ್ತಿರಲಿಲ್ಲ. ಆ ಕಚೇರಿಯು ಮಠದಿಂದ ಎಂಟು ಮೈಲಿ ದೂರದಲ್ಲಿತ್ತು.

ದಾವೆಯು ನಡೆಯುತ್ತಿರುವಾಗಲೇ 2020ನೆಯ ಆಗಸ್ಟ್ 11ರಂದು ವಿನೀತಾ ಶರ್ಮಾ ಎಂಬವರ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ ತೀರ್ಪು ಬಂದಿತು. ಇದನ್ನು ತಾಯಂದಿರು ಗಮನವಿಟ್ಟು ಕೇಳಬೇಕು. 1956ರ ಹಿಂದೂ ಉತ್ತರಾಧಿಕಾರ ಕಾಯಿದೆಯು ವೀರಶೈವ, ಲಿಂಗಾಯತ ಎಂಬ ಹೆಸರುಗಳನ್ನು ಎತ್ತಿ ಹೇಳಿಯೇ ನಮಗೂ ಅನ್ವಯಿಸುವಂತೆ ರಚಿತವಾಗಿದೆ. ವಿಜ್ಞಾನೇಶ್ವರನು ಮಗನಿಗೆ ಹುಟ್ಟಿನಿಂದಲೇ ಪಿತ್ರಾರ್ಜಿತದಲ್ಲಿ ಹಕ್ಕೆಂದು ಸಾಧಿಸಿದನಷ್ಟೆ. ಮೈಸೂರು ಸಂಸ್ಥಾನವು 1933ರಲ್ಲಿಯೇ ಹಿಂದೂ ಸ್ತ್ರೀಯರ ಹಕ್ಕುಗಳ ಕಾಯಿದೆಯನ್ನು ಮಾಡಿ ಒಂದು ಹೆಜ್ಜೆ ಮುಂದಿಟ್ಟಿತು. ಕರ್ನಾಟಕವು 1994ನೆಯ ಜುಲೈ 30ರಿಂದ ಹೆಣ್ಣುಮಕ್ಕಳಿಗೂ ಹುಟ್ಟಿನಿಂದ ಹಕ್ಕನ್ನು ಕೊಟ್ಟಿತು. ಆದರೆ ಅದಕ್ಕೆ ಮುಂಚೆ ಮದುವೆಯಾದವರನ್ನು ಹೊರಗಿಟ್ಟಿತು. 2005ನೆಯ ಸೆಪ್ಟೆಂಬರ್ 9ರಿಂದ ಜಾರಿಗೆ ಬಂದ ಕೇಂದ್ರದ ತಿದ್ದುಪಡಿಯು ಆ ಭೇದವನ್ನೂ ತೆಗೆಯಿತು. ಮಗಳೂ ಮಗನಂತೆಯೇ ಹುಟ್ಟಿನಿಂದ ಸಮಭಾಗಿ, ಮದುವೆಯಾಗಿರಲಿ, ಆಗದಿರಲಿ. ಆ ದಿವಸ ತಂದೆ ಬದುಕಿರಬೇಕೆಂಬ ನಿರ್ಬಂಧವೂ ಇಲ್ಲವೆಂದು 2020ರ ತೀರ್ಪು ಸಂಶಯವನ್ನು ಪರಿಹರಿಸಿತು. 2004ನೆಯ ಡಿಸೆಂಬರ್ 20ಕ್ಕಿಂತ ಮುಂಚೆ ರಿಜಿಸ್ಟರ್ ಆದ ಪತ್ರದಿಂದಲೋ ಕೋರ್ಟಿನ ಡಿಕ್ರಿಯಿಂದಲೋ ಆದ ಪಾಲುಗಳು ಮಾತ್ರ ಅಬಾಧಿತ. ಬಾಯಿಮಾತಿನ ಪಾಲು ಎಂಬ ವಾದವನ್ನು ಸಾರ್ವಜನಿಕ ದಾಖಲೆಗಳ ಬಲವಿದ್ದ ಅಪರೂಪದ ಪ್ರಸಂಗಗಳಲ್ಲಲ್ಲದೆ ಒಪ್ಪಲಾಗದೆಂದೂ ಅಲ್ಲಿ ಹೇಳಿದೆ.

ಅಕ್ಕನು ದಾವೆಯಲ್ಲಿ ಪಕ್ಷಗಾರಳಾದಳು. ಎರಡು ಪಾಲು ಎಂದು ನಾನು ಬರೆದುದು ಮೂರು ಪಾಲಾಯಿತು. ಕೋರ್ಟಿನ ಜಗಲಿಯ ಮೇಲೆ ಅವಳು ನನ್ನನ್ನು ಕಂಡು ನಮಸ್ಕರಿಸಿ, "ಶಾಸ್ತ್ರಿಗಳ, ಅವತ್ತ ನನ್ನ ಒಂದ ಮಾತ ಕೇಳಿದ್ದರ ನಾನೇ ಬಂದು ಸಹಿ ಹಾಕತಿದ್ನಿ. ನನಗ ಹೊಲ ಬೇಕಾಗಿರಲಿಲ್ಲ" ಎಂದಳು. ನನಗೆ ಉತ್ತರ ತೋಚಲಿಲ್ಲ. ಅವಳು ಸಹಿ ಹಾಕಿದ್ದರೂ ಅದು ನೋಂದಣಿಯಾದ ಹಕ್ಕುಬಿಡುಗಡೆ ಪತ್ರವಾಗಿರಬೇಕಾಗಿತ್ತು ಎಂಬುದು ಬೇರೆ ಮಾತು. ಕಡೆಗೆ 2021ರಲ್ಲಿ ಲೋಕ ಅದಾಲತಿನಲ್ಲಿ ರಾಜಿಯಾಯಿತು. ಅಕ್ಕನು ಹಿತ್ತಲನ್ನೂ ಸ್ವಲ್ಪ ಹಣವನ್ನೂ ತೆಗೆದುಕೊಂಡು, ಹೊಲದಲ್ಲಿ ತಮ್ಮನ ಮಕ್ಕಳಿಗೆ ಹೆಚ್ಚು ಉಳಿಯುವಂತೆ ನೋಡಿಕೊಂಡಳು. ಅಣ್ಣನ ಮನೆಗೂ ಆ ಮಕ್ಕಳ ಮನೆಗೂ ಇಂದಿಗೂ ಹೋಗಿಬರುವುದಿಲ್ಲ. ದಾಸೋಹದ ಪಂಕ್ತಿಯಲ್ಲಿ ಅವರು ಬೇರೆ ಬೇರೆ ಸಾಲುಗಳಲ್ಲಿ ಕುಳಿತುಕೊಳ್ಳುವುದನ್ನು ನಿನ್ನೆಯೂ ಕಂಡೆನು.

ಪಹಣಿಯ ಮಾತು ಬಂದುದರಿಂದ ಹೇಳುವೆನು. ಉತಾರದಲ್ಲಿ ಹೆಸರು ಬಂದ ಮಾತ್ರಕ್ಕೆ ಮಾಲಕತ್ವ ಬಂದಿತೆಂದು ಹಲವರ ಭ್ರಾಂತಿ. ಅದು ಕಂದಾಯದ ಸಲುವಾಗಿ ಇಟ್ಟ ದಾಖಲೆ. ತಪ್ಪೆಂದು ಸಿದ್ಧವಾಗುವವರೆಗೆ ಅದನ್ನು ನಿಜವೆಂದು ಭಾವಿಸುವರೇ ಹೊರತು ಅದರಿಂದ ಹಕ್ಕು ಹುಟ್ಟುವುದಿಲ್ಲ. ಹಿರಿಯಣ್ಣನ ಹೆಸರೊಂದೇ ಖಾತೆಯಲ್ಲಿದ್ದರೆ ಮಿಕ್ಕವರ ಹಕ್ಕು ಹೋಗಲಿಲ್ಲ. ಹಾಗೆಂದು ಅಸಡ್ಡೆಯೂ ಸಲ್ಲದು. ಬ್ಯಾಂಕಿನ ಸಾಲವೂ ಬೆಳೆಯ ಪರಿಹಾರವೂ ಆ ಹೆಸರನ್ನೇ ಹುಡುಕಿಕೊಂಡು ಬರುವುವು. ಬ್ಯಾಂಕಿನ ಠೇವಣಿಗೆ ನಾಮಿನಿಯಾದವನ ಸ್ಥಿತಿಯೂ ಸ್ವಲ್ಪ ಇಂಥದೇ: ಅವನು ಹಣವನ್ನು ಪಡೆಯುವ ಅಧಿಕಾರಿ, ವಾರಸುದಾರರೆಲ್ಲರ ಪರವಾಗಿ ಪಡೆಯುವವನು.

ಉಯಿಲಿನ ವಿಷಯದಲ್ಲಿ ನಮ್ಮ ಜನಕ್ಕೆ ಒಂದು ಬಗೆಯ ಅಂಜಿಕೆ. ಬರೆದರೆ ಆಯುಷ್ಯವು ಮುಗಿದೀತೆಂದು. ಇಬ್ಬರು ಸಾಕ್ಷಿಗಳ ಎದುರಿನಲ್ಲಿ ಸಹಿ ಮಾಡಿ, ಅವರಿಂದ ಸಹಿ ಮಾಡಿಸಿದರೆ ಉಯಿಲು ಸಿದ್ಧವಾಗುವುದು. ನೋಂದಣಿ ಕಡ್ಡಾಯವಲ್ಲ; ಮಾಡಿಸುವುದು ಒಳ್ಳೆಯದು. ಬದುಕಿರುವವರೆಗೆ ಎಷ್ಟು ಸಾರಿಯಾದರೂ ಬದಲಿಸಬಹುದು. ಅಂಜಬೇಕಾದುದು ದಾನಪತ್ರಕ್ಕೆ. ಮುಪ್ಪಿನಲ್ಲಿ ಮಗನು ನೋಡಿಕೊಳ್ಳುವನೆಂದು ಮನೆಯನ್ನು ದಾನವಾಗಿ ಬರೆದುಕೊಟ್ಟು, ಆಮೇಲೆ ಮಠದ ಪ್ರಸಾದವನ್ನು ನೆಚ್ಚಿ ಕುಳಿತ ಹಿರಿಯರನ್ನು ನೀವು ಬಲ್ಲಿರಿ. 2007ರ ತಂದೆತಾಯಿಗಳ ಹಾಗೂ ಹಿರಿಯ ನಾಗರಿಕರ ಪೋಷಣೆಯ ಕಾಯಿದೆಯು, ನೋಡಿಕೊಳ್ಳಬೇಕೆಂಬ ಷರತ್ತಿನ ಮೇಲೆ ಕೊಟ್ಟ ದಾನವನ್ನು ಆ ಷರತ್ತು ಮುರಿದಾಗ ರದ್ದುಮಾಡಿಸಲು ಅವಕಾಶ ಕೊಟ್ಟಿದೆ. ಷರತ್ತು ಇತ್ತೆಂಬುದನ್ನು ತೋರಿಸಬೇಕೆಂದು 2022ರಲ್ಲಿ ಸುಪ್ರೀಂ ಕೋರ್ಟು ಹೇಳಿತು. 2025ರ ತೀರ್ಪೊಂದರಲ್ಲಿ ಹಿರಿಯರ ಪರವಾಗಿ ಉದಾರವಾದ ಅರ್ಥವನ್ನು ಮಾಡಿತು. ಕೋರ್ಟಿನ ಔದಾರ್ಯವನ್ನು ನೆಚ್ಚುವುದಕ್ಕಿಂತ, "ಅನ್ನ, ವಸ್ತ್ರ, ಔಷಧ, ವಾಸಕ್ಕೆ ಸ್ಥಳ ಇವುಗಳನ್ನು ಜೀವಿತಪರ್ಯಂತ ಒದಗಿಸಬೇಕೆಂಬ ಷರತ್ತಿನ ಮೇಲೆ" ಎಂದು ಪತ್ರದಲ್ಲಿಯೇ ಒಂದು ಸಾಲು ಬರೆಯಿಸುವುದು ಸುಲಭ. ಮಗನ ಎದುರಿಗೆ ಹೀಗೆ ಬರೆಯಿಸಲು ನಾಚಿಕೆಯಾಗುವುದೆಂದು ಒಬ್ಬ ತಾಯಿ ನನಗೆ ಹೇಳಿದಳು. ಆ ನಾಚಿಕೆಯು ನನಗೆ ಅರ್ಥವಾಗುವುದು; ಆದರೂ ಬರೆಯಿಸಿರೆಂದೇ ಹೇಳುವೆನು.

ಮದುವೆಯ ವಿಷಯವನ್ನು ಚುಟುಕಾಗಿ ಹೇಳಿ ಬಿಡುವೆನು. ಮಠಗಳಲ್ಲಿ ಸಾಮೂಹಿಕ ವಿವಾಹಗಳು ನಡೆಯುವುವು. ವರನಿಗೆ 21, ವಧುವಿಗೆ 18 ವರ್ಷಗಳು ತುಂಬಿರುವುದನ್ನು ಶಾಲೆಯ ದಾಖಲೆ ಅಥವಾ ಜನನ ಪ್ರಮಾಣಪತ್ರದಿಂದ ನೋಡಿಯೇ ಹೆಸರು ಬರೆದುಕೊಳ್ಳತಕ್ಕದ್ದು. 2006ರ ಕಾಯಿದೆಯು ಬಾಲ್ಯವಿವಾಹವನ್ನು ಮಾಡಿಸಿದವರಿಗೂ ಎರಡು ವರ್ಷಗಳವರೆಗೆ ಕಠಿಣ ಸೆರೆವಾಸವನ್ನು ಹೇಳಿದೆ. ಅಕ್ಷತೆ ಹಾಕಿದ ಪುರೋಹಿತನೂ ಅದರಲ್ಲಿ ಸೇರುವನು. ಮದುವೆಯಾದ ಮೇಲೆ ನೋಂದಣಿ ಮಾಡಿಸಿದರೆ, ಮುಂದೆ ವಿಧವೆಯೊಬ್ಬಳು ಪಿಂಚಣಿಗಾಗಿ ಕಚೇರಿಯ ಬಾಗಿಲಲ್ಲಿ ನಿಂತು ತಾನು ಹೆಂಡತಿಯೆಂದು ಸಾಕ್ಷಿಗಳನ್ನು ಹುಡುಕುವ ಸಂಕಟವು ತಪ್ಪುವುದು.

ದುಡಿಮೆಯ ವಿಷಯ. ನಮ್ಮ ಪೇಟೆಯ ಅಡತಿ ಅಂಗಡಿಗಳಲ್ಲಿ ಇಪ್ಪತ್ತು ಇಪ್ಪತ್ತೈದು ವರ್ಷ ಲೆಕ್ಕ ಬರೆದ ದಿವಾನಜಿಗಳಿದ್ದಾರೆ. ಊರ ಸಾಲಗಳನ್ನೆಲ್ಲ ಅವರು ಬರೆದಿರುವರು. ತಮ್ಮ ನೌಕರಿಯ ಬಗ್ಗೆ ಒಂದು ಚೀಟಿಯೂ ಅವರ ಬಳಿ ಇಲ್ಲ. 2025ನೆಯ ನವೆಂಬರ್ 21ರಿಂದ ನಾಲ್ಕು ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದಿರುವುವು. ಹತ್ತು ಜನ ಅಥವಾ ಹೆಚ್ಚು ಜನ ದುಡಿಯುವ ಕಡೆಗಳಲ್ಲಿ ಕೆಲಸಗಾರನಿಗೆ ನೇಮಕಾತಿ ಪತ್ರವನ್ನು ಕೊಡಲೇಬೇಕು. ಕೆಲಸವನ್ನು ಬಿಟ್ಟಾಗಲಿ ಬಿಡಿಸಿಯಾಗಲಿ ಹೋಗುವವನ ಬಾಕಿ ಸಂಬಳವನ್ನು ಎರಡು ಕೆಲಸದ ದಿನಗಳೊಳಗೆ ತೀರಿಸಬೇಕು. ಐದು ವರ್ಷ ಎಡೆಬಿಡದೆ ದುಡಿದವನಿಗೆ ವರ್ಷವೊಂದಕ್ಕೆ 15 ದಿನಗಳ ಸಂಬಳದಂತೆ ಗ್ರಾಚ್ಯುಯಿಟಿ ಸಲ್ಲುವುದೆಂಬ 1972ರ ನಿಯಮವೂ ಸಂಹಿತೆಯಲ್ಲಿ ಸೇರಿಕೊಂಡಿದೆ. ಈ ಸಭೆಯಲ್ಲಿರುವ ಸಾಹುಕಾರರಿಗೆ ನನ್ನ ಪ್ರಾರ್ಥನೆ: ದಿವಾನಜಿಯು ಕೇಳುವನೆಂದು ಕಾಯಬೇಡಿರಿ. ಅವನು ಕೇಳಲಾರನು. ಕೇಳಿದರೆ ನಾಳೆ ಗಾದಿಯ ಮೇಲೆ ಬೇರೊಬ್ಬನು ಕುಳಿತಾನೆಂಬ ಭಯವು ಅವನಿಗಿದೆ.

ಕೂಡಿ ಅಂಗಡಿ ಹಾಕುವ ಗೆಳೆಯರಿಗೆ ಒಂದೇ ಮಾತು. 1932ರ ಪಾಲುದಾರಿಕೆ ಕಾಯಿದೆಯು ನೋಂದಣಿಯನ್ನು ಕಡ್ಡಾಯ ಮಾಡಿಲ್ಲ. ಆದರೆ ನೋಂದಣಿಯಾಗದ ಪೇಢಿಯು ತನ್ನ ಕರಾರಿನ ಬಾಕಿಗಾಗಿ ಹೊರಗಿನವನ ಮೇಲೆ ದಾವೆ ಹೂಡಲಾರದು. ಹೊರಗಿನವನು ಅದರ ಮೇಲೆ ಹೂಡಬಲ್ಲನು. ಇಂಥ ಏಕಮುಖದ ಬಾಗಿಲಿನ ಒಳಗೆ ಕುಳಿತು ವ್ಯಾಪಾರ ಮಾಡುವುದು ನಿಮ್ಮ ವಿವೇಕಕ್ಕೆ ಬಿಟ್ಟದ್ದು.

ವಕೀಲರಿಗೆ ಕೊಡಲು ಹಣವಿಲ್ಲವೆಂದು ಹೆಣ್ಣುಮಕ್ಕಳು ಹಿಂಜರಿಯುವುದುಂಟು. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯಿದೆಯಂತೆ ಸ್ತ್ರೀಯರಿಗೆ, ಮಕ್ಕಳಿಗೆ, ಪರಿಶಿಷ್ಟ ಜಾತಿ ಪಂಗಡದವರಿಗೆ, ಅಂಗವಿಕಲರಿಗೆ, ಕಾರ್ಖಾನೆಯ ಕಾರ್ಮಿಕರಿಗೆ ಆದಾಯದ ಲೆಕ್ಕವಿಲ್ಲದೆ ಉಚಿತವಾಗಿ ವಕೀಲರು ದೊರೆಯುವರು. ತಾಲೂಕಿನ ಕೋರ್ಟಿನಲ್ಲಿಯೇ ಆ ಸಮಿತಿಯ ಕಚೇರಿಯಿದೆ. ಲೋಕ ಅದಾಲತಿನಲ್ಲಿ ರಾಜಿಯಾದರೆ ಕೋರ್ಟು ಶುಲ್ಕವು ಹಿಂದಕ್ಕೆ ಬರುವುದು. ಅದರ ಮೇಲೆ ಅಪೀಲೂ ಇಲ್ಲ. ಆದುದರಿಂದ ಸಹಿ ಮಾಡುವ ಮೊದಲು ಓದಿಸಿಕೊಳ್ಳಬೇಕು.

ಸನ್ನಿಧಿಯವರ ಅಪ್ಪಣೆಯಂತೆ ಮುಂಬರುವ ಅಮಾವಾಸ್ಯೆಯಿಂದ, ಪ್ರತಿ ಅಮಾವಾಸ್ಯೆಯ ಮಧ್ಯಾಹ್ನ ಪ್ರಸಾದವಾದ ಮೇಲೆ, ವಕೀಲರೊಬ್ಬರು ಪಡಸಾಲೆಯಲ್ಲಿ ಕುಳಿತುಕೊಳ್ಳುವರು. ಪತ್ರಗಳ ಕರಡನ್ನು ಅವರು ನೋಡುವರು. ನಾನು ಪಕ್ಕದಲ್ಲಿ ಕುಳಿತು ಹಳೆಯ ಕಾಗದಗಳನ್ನು ಓದಿ ಹೇಳುವೆನು, ಮೋಡಿಯಲ್ಲಿದ್ದರೂ ಚಿಂತೆಯಿಲ್ಲ. ಹೊಸದಾಗಿ ಬರೆದುಕೊಡುವುದನ್ನು ಬಿಟ್ಟಿದ್ದೇನೆ. ಬರುವವರು ಪಹಣಿ, ಋಣಭಾರ ಪ್ರಮಾಣಪತ್ರ, ವಂಶವೃಕ್ಷ ಇವುಗಳನ್ನು ತರಬೇಕು. ಪಾಲಿನ ವಿಷಯಕ್ಕೆ ಬರುವವರು ಅಕ್ಕತಂಗಿಯರನ್ನೂ ಕರೆದುಕೊಂಡು ಬರಬೇಕು. ದೂರದ ಊರಿನವರಾದರೆ ರಾತ್ರಿ ಇಳಿದುಕೊಳ್ಳಲು ಮಠದಲ್ಲಿ ಕೋಣೆಯಿದೆ.